ಬೆಳೆದ ನಾಯಿ ಮತ್ತೆ ಮನೆಯೊಳಗೇ ಉಚ್ಚೆ ಮಾಡ್ತಿದೆಯಾ? ಹಂತ ಹಂತವಾಗಿ ಸರಿಪಡಿಸುವುದು ಹೀಗೆ

"ನಾಲ್ಕು ವರ್ಷ ಏನೂ ತೊಂದರೆ ಇರಲಿಲ್ಲ. ಈಗ ಒಂದು ತಿಂಗಳಿಂದ ಹಾಲ್‌ನಲ್ಲೇ ಉಚ್ಚೆ ಮಾಡ್ತಿದೆ. ಏನು ಮಾಡೋದು?" ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ತಳಿ ಬೇರೆ, ಊರು ಬೇರೆ, ಪ್ರಶ್ನೆ ಮಾತ್ರ ಅದೇ. ಕೆಲವರು ಕೊನೆಗೆ ಇನ್ನೊಂದು ಮಾತು ಸೇರಿಸುತ್ತಾರೆ: "ನಾವು ಅದನ್ನು ಬಿಟ್ಟು ಊರಿಗೆ ಹೋಗಿದ್ವಿ, ಅದಕ್ಕೇ ಸೇಡು ತೀರಿಸ್ಕೊಳ್ತಿದೆ."

ಸೇಡಲ್ಲ. ನಮಗೆ ಉಚ್ಚೆ ಅಂದರೆ ಅಸಹ್ಯ, ನಾಯಿಗೆ ಹಾಗಿಲ್ಲ. ನಿಮ್ಮನ್ನು ರೇಗಿಸಬೇಕು ಅಂತ ಸೋಫಾ ಆರಿಸಿಕೊಳ್ಳುವಷ್ಟು ಲೆಕ್ಕಾಚಾರ ಅದಕ್ಕೆ ಬರುವುದಿಲ್ಲ. ಕಲಿತ ಅಭ್ಯಾಸ ತಪ್ಪಿದೆ ಅಂದರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ. ಆ ಕಾರಣ ಬಹಳ ಸಲ ನಾಯಿಯ ಹೊಟ್ಟೆಯೊಳಗೇ ಇರುತ್ತದೆ. ಹೆಚ್ಚಿನವರು ಮೊದಲು ಬೈಯುತ್ತಾರೆ, ಆಮೇಲೆ ಟ್ರೈನರ್‌ನ ಕರೆಸುತ್ತಾರೆ, ಏನೂ ಆಗದಿದ್ದರೆ ಡಾಕ್ಟರ್ ಹತ್ತಿರ ಹೋಗುತ್ತಾರೆ. ನೀವು ಈ ಸಾಲನ್ನು ಉಲ್ಟಾ ಮಾಡಿ. ಬೈಯುವ ಹಂತ ಹೇಗೂ ಬರುವುದೇ ಇಲ್ಲ.

ಇದು ಒಂದು ವರ್ಷ ದಾಟಿದ, ಮೊದಲು ಹೊರಗೆ ಹೋಗುವ ಅಭ್ಯಾಸ ಇದ್ದ ನಾಯಿಗಳ ಬಗ್ಗೆ. ಮರಿ ಸಾಕುವವರಿಗೂ ನಾಲ್ಕು ಮತ್ತು ಐದನೇ ಹಂತ ಉಪಯೋಗಕ್ಕೆ ಬರಬಹುದು.

ಬೇಕಾಗುವ ವಸ್ತುಗಳು

ಒಂದು ನೋಟ್‌ಬುಕ್ ಅಥವಾ ಫೋನಿನ ನೋಟ್ಸ್. ಅಳತೆ ಗುರುತಿರುವ ನೀರಿನ ಬಾಟಲಿ. ಮುಚ್ಚಳ ಇರುವ ಶುದ್ಧ ಡಬ್ಬಿ (ಮೆಡಿಕಲ್ ಶಾಪ್‌ನಲ್ಲಿ ಸಿಗುವ ಯೂರಿನ್ ಡಬ್ಬಿಯೇ ಸಾಕು). ಒಂದು ಹಳೆಯ ಸ್ಟೀಲ್ ಸೌಟು. ಯಾಕೆ ಅಂತ ಮುಂದೆ ಹೇಳುತ್ತೇನೆ. ಎಂಜೈಮ್ ಕ್ಲೀನರ್, ಅಂದರೆ ಉಚ್ಚೆಯಲ್ಲಿರುವ ಅಂಶಗಳನ್ನೇ ಒಡೆದುಹಾಕುವ ಕಿಣ್ವಗಳಿರುವ ದ್ರಾವಣ. ಇದು ಪೆಟ್ ಅಂಗಡಿಯಲ್ಲೂ ಆನ್‌ಲೈನ್‌ನಲ್ಲೂ ಸಿಗುತ್ತದೆ. ಸಾಧ್ಯವಾದರೆ ಒಂದು ಯುವಿ ಟಾರ್ಚ್ (ನೇರಳಾತೀತ ಬೆಳಕಿನದು, ಹಳೆಯ ಕಲೆ ಹುಡುಕಲು) ಕೂಡ ತಗೊಳ್ಳಿ. ಸುಮಾರು 2 ಮೀಟರ್ ಉದ್ದದ ಲೀಶ್ ಮತ್ತು ನಾಯಿಗೆ ತುಂಬಾ ಇಷ್ಟವಾದ ತಿಂಡಿ, ಚಿಕ್ಕ ಚಿಕ್ಕ ಚೂರುಗಳಾಗಿ.

ಹಂತ 1: ಒಂದು ವಾರ ಬರೆದಿಡಿ

ಪ್ರತಿ ಸಲ ನಾಲ್ಕು ವಿಷಯ ಬರೆಯಿರಿ: ಎಲ್ಲಿ ಮಾಡಿತು, ಎಷ್ಟು ಮಾಡಿತು, ಎಷ್ಟು ಹೊತ್ತಿಗೆ, ಆಗ ಮನೆಯಲ್ಲಿ ಏನು ನಡೆಯುತ್ತಿತ್ತು. ಬೋರು ಹೊಡೆಸುವ ಕೆಲಸ, ನಿಜ. ಆದರೆ ಅರ್ಧ ಉತ್ತರ ಇಲ್ಲೇ ಸಿಗುತ್ತದೆ.

ನಾಯಿ ಮಲಗಿ ಎದ್ದ ಜಾಗ ಒದ್ದೆಯಾಗಿದ್ದರೆ ಅದು ಉಚ್ಚೆ "ಮಾಡಿದ್ದಲ್ಲ", ಸೋರಿದ್ದು. ಮೂತ್ರದ ದಾರಿಯನ್ನು ಬಿಗಿಹಿಡಿಯುವ ಸ್ನಾಯು ಸಡಿಲವಾದರೆ ಹೀಗಾಗುತ್ತದೆ. ಸಂತಾನಹರಣ ಶಸ್ತ್ರಚಿಕಿತ್ಸೆ ಆದ ಹೆಣ್ಣು ನಾಯಿಗಳಲ್ಲಿ, ಅದರಲ್ಲೂ ದೊಡ್ಡ ತಳಿಗಳಲ್ಲಿ, ಇದನ್ನು ಜಾಸ್ತಿ ನೋಡುತ್ತೇವೆ. ಆಪರೇಷನ್ ಆಗಿ ವರ್ಷಗಳ ಮೇಲೂ ಶುರುವಾಗಬಹುದು. ಎಷ್ಟು ಟ್ರೈನಿಂಗ್ ಕೊಟ್ಟರೂ ಇದು ನಿಲ್ಲುವುದಿಲ್ಲ, ಮಾತ್ರೆಗೆ ಚೆನ್ನಾಗಿ ಬಗ್ಗುತ್ತದೆ.

ಸ್ವಲ್ಪ ಸ್ವಲ್ಪವೇ ಪದೇ ಪದೇ ಮಾಡುತ್ತಿದ್ದರೆ, ಕೂತು ತಿಣುಕುತ್ತಿದ್ದರೆ, ಆ ಜಾಗ ನೆಕ್ಕುತ್ತಿದ್ದರೆ ಮೂತ್ರದ ಸೋಂಕು ಅಥವಾ ಮೂತ್ರಕೋಶದ ಕಲ್ಲು ಇರಬಹುದು. ದೊಡ್ಡ ಕೆರೆಯ ಹಾಗೆ ಮಾಡಿ, ಜೊತೆಗೆ ನೀರನ್ನೂ ಗಟಗಟ ಕುಡಿಯುತ್ತಿದ್ದರೆ ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ, ಹಾರ್ಮೋನ್ ತೊಂದರೆಗಳನ್ನು ನೋಡಬೇಕು.

ಕುರ್ಚಿ ಕಾಲು, ಬಾಗಿಲ ಮೂಲೆ, ಅತಿಥಿಗಳ ಬ್ಯಾಗು, ಇಂಥ ಕಡೆ ಕಾಲೆತ್ತಿ ಒಂದಿಷ್ಟೇ ಚಿಮುಕಿಸಿದರೆ ಅದು ಗುರುತು ಹಾಕುವುದು. ನೀವು ಆಫೀಸಿಂದ ಬಂದ ಕೂಡಲೇ, ಅಥವಾ ಯಾರಾದರೂ ಮೇಲೆ ಬಗ್ಗಿ ತಲೆ ಸವರಲು ಹೋದಾಗ ಆದರೆ ಅದು ಖುಷಿ ಅಥವಾ ಹೆದರಿಕೆಯಿಂದ ಆಗುವಂಥದ್ದು. ಮನೆಯಲ್ಲಿ ಯಾರೂ ಇಲ್ಲದಾಗ ಮಾತ್ರ ಆಗಿ, ಜೊತೆಗೆ ಬಾಗಿಲು ಕೆರೆದ ಗುರುತೂ ಇದ್ದರೆ ಒಂಟಿತನದ ಗಾಬರಿ. ಮಳೆಗಾಲದಲ್ಲಿ ಮಾತ್ರ ಆದರೆ... ಅದಕ್ಕೆ ಮುಂದೆ ಬರುತ್ತೇನೆ.

ನೀರಿನ ಲೆಕ್ಕವನ್ನೂ ಹಿಡಿಯಿರಿ. ಬೆಳಿಗ್ಗೆ ಅಳೆದು ಹಾಕಿ, ಮಾರನೇ ಬೆಳಿಗ್ಗೆ ಉಳಿದದ್ದನ್ನು ಅಳೆಯಿರಿ. ಸಾಮಾನ್ಯವಾಗಿ ನಾಯಿ ಕಿಲೋ ತೂಕಕ್ಕೆ ದಿನಕ್ಕೆ 50ರಿಂದ 60 ಮಿಲಿ ಲೀಟರ್ ಆಸುಪಾಸಿನಲ್ಲಿ ಕುಡಿಯುತ್ತದೆ. ಅಂದರೆ 10 ಕಿಲೋ ನಾಯಿಗೆ ಅರ್ಧ ಲೀಟರಿಗಿಂತ ಸ್ವಲ್ಪ ಹೆಚ್ಚು. ಬೇಸಿಗೆಯಲ್ಲಿ ಇನ್ನೂ ಏರುತ್ತದೆ. ಮೊಸರನ್ನ ತಿನ್ನುವ ನಾಯಿ ಬಟ್ಟಲಿಂದ ಕಡಿಮೆ ಕುಡಿಯುತ್ತದೆ, ಡ್ರೈ ಫುಡ್ ತಿನ್ನುವುದು ಜಾಸ್ತಿ. ಆದರೆ ಕಿಲೋಗೆ 100 ಮಿಲಿ ಲೀಟರ್ ದಾಟುತ್ತಿದ್ದರೆ ಅದು ಬರೀ ಬಾಯಾರಿಕೆಯಲ್ಲ, ಡಾಕ್ಟರಿಗೆ ಹೇಳಲೇಬೇಕಾದ ಅಂಕಿ.

ಎಚ್ಚರಿಕೆ: ಗಂಡು ನಾಯಿ ಕಾಲೆತ್ತಿ ತಿಣುಕುತ್ತಿದೆ, ಹನಿಯೂ ಬರುತ್ತಿಲ್ಲ ಅಂದರೆ ವಾರ ಬರೆಯುತ್ತಾ ಕೂರಬೇಡಿ. ಕಲ್ಲು ಸಿಕ್ಕಿಕೊಂಡಿರಬಹುದು. ರಾತ್ರಿಯಾಗಿದ್ದರೂ ಆಗಲೇ ಆಸ್ಪತ್ರೆಗೆ ಹೋಗಬೇಕು. ಸಂತಾನಹರಣ ಆಗದ ಹೆಣ್ಣು ನಾಯಿ ಬೆದೆ ಮುಗಿದ ಒಂದೆರಡು ತಿಂಗಳೊಳಗೆ ವಿಪರೀತ ನೀರು ಕುಡಿಯುತ್ತಾ, ಮಂಕಾಗಿ, ಊಟ ಬಿಟ್ಟಿದ್ದರೆ ಗರ್ಭಕೋಶದಲ್ಲಿ ಕೀವು ತುಂಬಿರಬಹುದು. ಕೀವು ಹೊರಗೆ ಕಾಣಲೇಬೇಕೆಂದಿಲ್ಲ. ಇದೂ ಪ್ರಾಣಕ್ಕೆ ಅಪಾಯ. ಜ್ವರದ ಜೊತೆ ಉಚ್ಚೆ ಕೆಂಪಗೆ ಅಥವಾ ಕಾಫಿ ಬಣ್ಣಕ್ಕೆ ತಿರುಗಿದ್ದರೂ ಅಷ್ಟೇ. ಉಣುಗು ಕಚ್ಚಿ ಬರುವ ಜ್ವರದಲ್ಲಿ ಹೀಗಾಗುತ್ತದೆ, ನಮ್ಮ ಕಡೆ ಅದು ಅಪರೂಪವೇನಲ್ಲ.

ಹಂತ 2: ಡಾಕ್ಟರ್ ಹತ್ತಿರ ಹೋಗಿ, ಉಚ್ಚೆ ಹಿಡಿದುಕೊಂಡು ಹೋಗಿ

ಬರಿಗೈಯಲ್ಲಿ ಹೋದರೆ ಡಾಕ್ಟರ್ ಸ್ಯಾಂಪಲ್ ತರಲು ಹೇಳಿ ವಾಪಸ್ ಕಳಿಸಬಹುದು. ಅದಕ್ಕೇ ಸೌಟು. ಚೆನ್ನಾಗಿ ತೊಳೆದು, ಬಿಸಿನೀರಲ್ಲಿ ಅದ್ದಿ, ಒಣಗಿಸಿ. ಬೆಳಿಗ್ಗೆ ಮೊದಲ ಸಲ ಹೊರಗೆ ಹೋದಾಗ ನಾಯಿ ಶುರು ಮಾಡಲಿ, ಒಂದೆರಡು ಕ್ಷಣ ಬಿಟ್ಟು ಹಿಂದಿನಿಂದ ಮೆಲ್ಲಗೆ ಸೌಟು ಒಡ್ಡಿ. ಶುರುವಿನ ಹನಿಗಳಲ್ಲಿ ಹೊರಗಿನ ಕೊಳೆ ಸೇರಿರುತ್ತದೆ, ಅದು ಬೇಡ. ನೆಲಕ್ಕೆ ತೀರಾ ತಗ್ಗಿ ಕೂರುವ ಹೆಣ್ಣು ನಾಯಿಯಾದರೆ ಸೌಟಿನ ಬದಲು ಚಪ್ಪಟೆ ತಟ್ಟೆ. ಅಕ್ಕಪಕ್ಕದವರು ನೋಡಿ ನಗಬಹುದು, ನಗಲಿ ಬಿಡಿ.

ಡಬ್ಬಿಗೆ ಹಾಕಿ ಒಂದೆರಡು ಗಂಟೆಯೊಳಗೆ ತಲುಪಿಸಿ. ತಡವಾಗುವುದಾದರೆ ಫ್ರಿಜ್‌ನಲ್ಲಿಡಿ, ಫ್ರೀಜರ್‌ನಲ್ಲಿ ಬೇಡ. ನೆಲದ ಮೇಲೆ ಬಿದ್ದದ್ದನ್ನು ಸಿರಿಂಜಲ್ಲಿ ಎಳೆದು ಕೊಡುವವರಿದ್ದಾರೆ. ಅದರಲ್ಲಿ ಸೋಂಕು ಇದೆಯೋ ಇಲ್ಲವೋ ನಂಬಿಕೆಯಿಂದ ಹೇಳಲಾಗುವುದಿಲ್ಲ.

ನಿಮ್ಮ ಬರಹವನ್ನು ಡಾಕ್ಟರಿಗೆ ತೋರಿಸಿ. ನಾಯಿ ಈಗ ತೆಗೆದುಕೊಳ್ಳುತ್ತಿರುವ ಔಷಧಗಳ ಪಟ್ಟಿಯನ್ನೂ ಕೊಡಿ. ತುರಿಕೆಗೆ ಕೊಡುವ ಪ್ರೆಡ್ನಿಸೋಲೋನ್‌ನಂಥ ಸ್ಟೀರಾಯ್ಡ್, ಹೃದಯದ ತೊಂದರೆಗೆ ಕೊಡುವ ಫ್ರುಸೆಮೈಡ್, ಫಿಟ್ಸ್‌ಗೆ ಕೊಡುವ ಫಿನೋಬಾರ್ಬಿಟಾಲ್ ಇವೆಲ್ಲ ನೀರು ಮತ್ತು ಉಚ್ಚೆ ಎರಡನ್ನೂ ಹೆಚ್ಚಿಸುತ್ತವೆ. ಕಾರಣ ಸಿಕ್ಕಿತು ಅಂತ ನೀವೇ ಮಾತ್ರೆ ನಿಲ್ಲಿಸಬೇಡಿ. ಸ್ಟೀರಾಯ್ಡ್ ಮತ್ತು ಫಿಟ್ಸ್ ಮಾತ್ರೆಯನ್ನು ದಿಢೀರ್ ನಿಲ್ಲಿಸುವುದು ಅಪಾಯ. ಆ ಔಷಧ ನಡೆಯುವಷ್ಟು ದಿನ ಹೆಚ್ಚು ಸಲ ಹೊರಗೆ ಕರೆದುಕೊಂಡು ಹೋಗುವುದೇ ದಾರಿ.

ಮನೆಯಲ್ಲಿ ಉಳಿದ ಮನುಷ್ಯರ ಮಾತ್ರೆ ಕೊಡಲೇಬೇಡಿ. ಡೈಕ್ಲೋಫೆನಾಕ್, ಐಬುಪ್ರೊಫೆನ್ ನಾಯಿಯ ಕಿಡ್ನಿ, ಕರುಳು ಎರಡನ್ನೂ ಹಾಳು ಮಾಡುತ್ತವೆ. ಹಳೆಯ ಆ್ಯಂಟಿಬಯೋಟಿಕ್ ಕೊಟ್ಟು ಸ್ಯಾಂಪಲ್ ತಂದರೆ ಸೋಂಕು ಮರೆಯಾಗಿ ಪರೀಕ್ಷೆಯೇ ದಂಡವಾಗುತ್ತದೆ.

ಕೂತು ಏಳುವಾಗ ಕಷ್ಟಪಡುತ್ತದೆಯೇ, ಮೆಟ್ಟಿಲ ಹತ್ತಿರ ನಿಂತುಬಿಡುತ್ತದೆಯೇ ಅದನ್ನೂ ಹೇಳಿ. ಕೀಲು ನೋವಿರುವ ನಾಯಿಗೆ ಎರಡು ಮಹಡಿ ಇಳಿಯುವುದೇ ದೊಡ್ಡ ಕಷ್ಟ. ಕಕ್ಕದ ಸಮಸ್ಯೆಯಾದರೆ ಅದರ ಸ್ಯಾಂಪಲ್ ಕೂಡ ಬೇಕು. ಭೇದಿ ಆಗುತ್ತಿರುವ ನಾಯಿ ತಡೆದುಕೊಳ್ಳಲಾರದು, ಹೊಟ್ಟೆ ಹುಳುವೂ ಕಾರಣವಿರಬಹುದು. ಹತ್ತಿರದಲ್ಲಿ ಲ್ಯಾಬ್ ಸೌಲಭ್ಯ ಇಲ್ಲದಿದ್ದರೆ ಹೆಬ್ಬಾಳ, ಹಾಸನ, ಶಿವಮೊಗ್ಗ, ಬೀದರ್‌ನ ಪಶುವೈದ್ಯಕೀಯ ಕಾಲೇಜುಗಳಲ್ಲಿ ಯಾವುದು ಹತ್ತಿರವೋ ಅಲ್ಲಿ ವಿಚಾರಿಸಿ.

ಹಂತ 3: ವಾಸನೆ ತೆಗೆಯಿರಿ, ಮುಚ್ಚಿಡಬೇಡಿ

ಒಂದು ಸಲ ಉಚ್ಚೆ ಬಿದ್ದ ಜಾಗ "ಇಲ್ಲೇ ಮಾಡು" ಅಂತ ನಾಯಿಯನ್ನು ಕರೆಯುತ್ತದೆ. ನಮ್ಮ ಮೂಗಿಗೆ ಹೋದ ವಾಸನೆ ಅದರ ಮೂಗಿಗೆ ಹೋಗಿರುವುದಿಲ್ಲ. ರಾತ್ರಿ ದೀಪ ಆರಿಸಿ, ನೆಲಕ್ಕೆ ಹತ್ತಿರ ಯುವಿ ಟಾರ್ಚ್ ಹಿಡಿದು ನೋಡಿ. ಹಳೆಯ ಕಲೆಗಳು ಮಂಕಾಗಿ ಹೊಳೆಯುತ್ತವೆ. ಸೋಫಾದ ಹಿಂಭಾಗ, ಪರದೆಯ ಅಂಚು, ಮಂಚದ ಕಾಲು ಬಿಡಬೇಡಿ. ಚಾಕ್‌ಪೀಸ್‌ನಿಂದ ಸುತ್ತು ಗುರುತು ಹಾಕಿ.

ಹಸಿ ಇದ್ದರೆ ಹಳೆಯ ಬಟ್ಟೆ ಒತ್ತಿ ಹೀರಿಸಿ, ಉಜ್ಜಬೇಡಿ. ನೀರಲ್ಲಿ ಒರೆಸಿ. ಆಮೇಲೆ ಎಂಜೈಮ್ ಕ್ಲೀನರ್ ಧಾರಾಳವಾಗಿ ಹಾಕಿ ಬಾಟಲಿ ಮೇಲೆ ಬರೆದಷ್ಟು ಹೊತ್ತು ಹಾಗೇ ಬಿಡಿ. ಎಲ್ಲರೂ ತಪ್ಪುವುದು ಇಲ್ಲೇ, ಹಾಕಿದ ಕೂಡಲೇ ಒರೆಸಿಬಿಡುತ್ತಾರೆ. ಒದ್ದೆ ಇದ್ದಷ್ಟು ಹೊತ್ತೇ ಅದು ಕೆಲಸ ಮಾಡುವುದು. ಹಾಸಿಗೆ, ಸೋಫಾ ಕುಶನ್ ಆದರೆ ಉಚ್ಚೆ ಇಳಿದಷ್ಟು ಆಳಕ್ಕೆ ದ್ರಾವಣವೂ ಇಳಿಯಬೇಕು. ಎಂಜೈಮ್ ಕ್ಲೀನರ್ ಸಿಗದಿದ್ದರೆ ಕಿಣ್ವ ಇರುವ ಬಟ್ಟೆ ಸೋಪಿನ ಪುಡಿ (ಪ್ಯಾಕೆಟ್ ಮೇಲೆ ಎಂಜೈಮ್ ಅಂತ ಬರೆದಿರುತ್ತದೆ) ನೀರಲ್ಲಿ ಕರಗಿಸಿ ಬಳಸಿ, ಕೊನೆಗೆ ಬರೀ ನೀರಲ್ಲಿ ಚೆನ್ನಾಗಿ ಒರೆಸಿ.

ಇನ್ನು ಫಿನಾಯಿಲ್. ನಮ್ಮ ಮನೆಗಳಲ್ಲಿ ಇದಕ್ಕಿಂತ ಮೊದಲು ಕೈಗೆ ಬರುವ ವಸ್ತು ಬೇರೆ ಇಲ್ಲ ಅಲ್ವಾ? ಆದರೆ ಅದು ವಾಸನೆಯ ಮೇಲೆ ವಾಸನೆ ಹಚ್ಚುತ್ತದೆ ಅಷ್ಟೇ. ಜೊತೆಗೆ ನಾಯಿ ಪಾದಕ್ಕೆ ಅಂಟಿಸಿಕೊಂಡು ನೆಕ್ಕಿದರೆ ಒಳ್ಳೆಯದಲ್ಲ. ಬ್ಲೀಚ್ ಅನ್ನು ಉಚ್ಚೆಯ ಮೇಲೆ ಸುರಿಯಬೇಡಿ, ಟಾಯ್ಲೆಟ್ ಕ್ಲೀನರ್ ಆ್ಯಸಿಡ್ ಜೊತೆ ಬೆರೆಸಲೇಬೇಡಿ, ವಿಷದ ಗಾಳಿ ಏಳುತ್ತದೆ. ವಿನೆಗರ್ ಸಲಹೆ ಎಲ್ಲೆಡೆ ಸಿಗುತ್ತದೆ. ಮೆರುಗಿನ ಟೈಲ್ಸ್‌ಗೆ ಸರಿ. ಮಾರ್ಬಲ್, ಕಡಪ ಕಲ್ಲು, ರೆಡ್ ಆಕ್ಸೈಡ್ ನೆಲಕ್ಕೆ ಬೇಡ, ಹುಳಿ ತಗುಲಿದ ಕಡೆ ಪಾಲಿಶ್ ಹೋಗಿ ಕಲೆ ಉಳಿಯುತ್ತದೆ.

ಗ್ಲೌಸ್ ಹಾಕಿಕೊಂಡೇ ಕೆಲಸ ಮಾಡಿ. ಮಳೆಗಾಲದಲ್ಲಿ ಇದು ಇನ್ನೂ ಮುಖ್ಯ. ಇಲಿ ಜ್ವರ ಅಂತ ನಾವು ಕರೆಯುವ ಲೆಪ್ಟೊಸ್ಪೈರೋಸಿಸ್ ನಾಯಿಗೂ ಬರುತ್ತದೆ, ಅದರ ಉಚ್ಚೆಯಿಂದ ಮನುಷ್ಯರಿಗೂ ದಾಟುತ್ತದೆ. ಅದರ ಲಸಿಕೆ ಆಗಿದೆಯೇ ಅಂತ ಡಾಕ್ಟರ್ ಹತ್ತಿರ ಹೋದಾಗ ಕೇಳಿಕೊಳ್ಳಿ.

ಹಂತ 4: ಮರಿಯ ವೇಳಾಪಟ್ಟಿಗೆ ವಾಪಸ್

ಕಾಯಿಲೆ ಇಲ್ಲ ಅಂತ ಗೊತ್ತಾದ ಮೇಲೆ, ಅಥವಾ ಚಿಕಿತ್ಸೆಯ ಜೊತೆಜೊತೆಗೆ, ಈ ಹಂತ ಶುರು ಮಾಡಿ. ನಾಯಿಗೆ ಏನೂ ಗೊತ್ತಿಲ್ಲ ಅಂದುಕೊಂಡು ಮೊದಲಿಂದ ಕಲಿಸಬೇಕು. ಎದ್ದ ಕೂಡಲೇ, ಊಟ ಆದ 15ರಿಂದ 30 ನಿಮಿಷದೊಳಗೆ, ಆಟ ಮುಗಿದ ಮೇಲೆ, ಹಗಲು ನಿದ್ದೆಯಿಂದ ಎದ್ದಾಗ, ರಾತ್ರಿ ಮಲಗುವ ಮುಂಚೆ ಹೊರಗೆ ಕರೆದುಕೊಂಡು ಹೋಗಿ. ಇದರ ನಡುವೆಯೂ ಎಚ್ಚರವಿರುವಾಗ ಮೂರು ನಾಲ್ಕು ಗಂಟೆಗೊಮ್ಮೆ.

ಗೇಟು ತೆಗೆದು ಬಿಟ್ಟರೆ ಸಾಲದು, ನೀವೂ ಹೋಗಬೇಕು. ಲೀಶ್ ಹಾಕಿ, ದಿನವೂ ಒಂದೇ ಜಾಗಕ್ಕೆ ಹೋಗಿ, ಸುಮ್ನೆ ಕಂಬದ ಹಾಗೆ ನಿಂತುಬಿಡಿ. ಫೋನು ಜೇಬಲ್ಲಿರಲಿ. ಮಾಡಲು ಕೂತಾಗ ಮೆತ್ತಗೆ ಒಂದು ಮಾತು ಹೇಳಿ, "ಸುಸ್ಸು" ಅಂತಲೋ ಏನಾದರೂ. ಮನೆಯವರೆಲ್ಲ ಅದೇ ಮಾತು ಬಳಸಬೇಕು. ಮುಗಿಸಿದ ಕೂಡಲೇ, ಅಲ್ಲೇ ನಿಂತು, ತಿಂಡಿ ಕೊಡಿ. ಮನೆಗೆ ಬಂದು ಡಬ್ಬಿ ತೆಗೆದು ಕೊಟ್ಟರೆ ಮನೆಗೆ ಬಂದಿದ್ದಕ್ಕೆ ಬಹುಮಾನ ಅಂದುಕೊಳ್ಳುತ್ತದೆ.

ಇಲ್ಲೊಂದು ಗುಂಡಿ ಇದೆ, ಬಹಳ ಜನ ಬೀಳುತ್ತಾರೆ. ಆಫೀಸಿಗೆ ಹೊತ್ತಾಯಿತು ಅಂತ ನಾಯಿ ಉಚ್ಚೆ ಮಾಡಿದ ಕೂಡಲೇ ವಾಪಸ್ ತಿರುಗುತ್ತೀರಿ. ನಾಲ್ಕು ದಿನ ಹೀಗಾದರೆ ನಾಯಿಗೆ ಲೆಕ್ಕ ಸಿಗುತ್ತದೆ: ಉಚ್ಚೆ ಮಾಡಿದರೆ ವಾಕಿಂಗ್ ಮುಗೀತು. ಆಮೇಲೆ ಅದು ಅರ್ಧ ಗಂಟೆ ಸುತ್ತಿಸಿ, ಏನೂ ಮಾಡದೆ, ಮನೆಗೆ ಬಂದು ಕಾಲೊರಸಿನ ಮೇಲೆ ಬಿಡುತ್ತದೆ. ಮೊದಲು ಉಚ್ಚೆ, ಆಮೇಲೆ ವಾಕಿಂಗ್. ಐದೇ ನಿಮಿಷವಾದರೂ ಸರಿ, ಆ ಸಾಲು ತಪ್ಪಬಾರದು.

ಊಟ ದಿನಕ್ಕೆ ಎರಡು ಹೊತ್ತು, ಒಂದೇ ಸಮಯಕ್ಕೆ. ತಟ್ಟೆ ಇಡೀ ದಿನ ನೆಲದ ಮೇಲಿದ್ದರೆ ಕಕ್ಕದ ಹೊತ್ತೂ ಗೊತ್ತಾಗುವುದಿಲ್ಲ. ನೀರನ್ನು ಮಾತ್ರ ಕಡಿಮೆ ಮಾಡಬೇಡಿ. "ನೀರು ಕೊಡದಿದ್ರೆ ಉಚ್ಚೆ ಎಲ್ಲಿಂದ ಬರುತ್ತೆ?" ಅಂತ ಬುದ್ಧಿವಂತಿಕೆ ತೋರಿಸುವವರು ಪ್ರತಿ ಓಣಿಯಲ್ಲೂ ಒಬ್ಬರಿರುತ್ತಾರೆ. ಕಿಡ್ನಿ ತೊಂದರೆ ಇರುವ ನಾಯಿಗೆ ಅದು ನೇರ ಅಪಾಯ.

ಅಪಾರ್ಟ್‌ಮೆಂಟ್‌ನಲ್ಲಿದ್ದರೆ ಲಿಫ್ಟ್ ಕಾಯುವ ಹೊತ್ತನ್ನೂ ಲೆಕ್ಕ ಹಾಕಿ. ಬೆಳಿಗ್ಗೆ ಏಳೂವರೆಗೆ ಸ್ಕೂಲ್ ಮಕ್ಕಳ ಗಲಾಟೆಯಲ್ಲಿ ಲಿಫ್ಟ್ ಸಿಗಲ್ಲ ಅಂದರೆ ಏಳಕ್ಕೇ ಇಳಿಯಿರಿ. ಚಿಕ್ಕ ನಾಯಿಯನ್ನು ಎತ್ತಿಕೊಂಡೇ ಹೋಗಿ. ನಾಯಿ ತಿರುಗಿಸಲು ಬೇರೆಯವರು ಬರುತ್ತಿದ್ದರೆ "ಹೋಗಿ ಬಂದ್ರಾ?" ಅಂತ ಕೇಳಬೇಡಿ, "ಉಚ್ಚೆ ಮಾಡ್ತಾ?" ಅಂತ ಕೇಳಿ.

ಹಂತ 5: ಮನೆಯೊಳಗೆ ಕಣ್ಣು ತಪ್ಪಿಸಬೇಡಿ

ಹೊರಗೆ ಬಹುಮಾನ ಕೊಟ್ಟು ಒಳಗೆ ಅವಕಾಶವನ್ನೂ ಕೊಟ್ಟರೆ ಏನೂ ಬದಲಾಗುವುದಿಲ್ಲ. ನೀವು ನೋಡುತ್ತಿರುವಾಗ ನಾಯಿ ನಿಮ್ಮ ಕೋಣೆಯಲ್ಲೇ ಇರಲಿ, ಬೇಕಾದರೆ ಲೀಶ್ ಅನ್ನು ಸೊಂಟಕ್ಕೆ ಕಟ್ಟಿಕೊಳ್ಳಿ. ನೋಡಲು ಆಗದಾಗ ಒಂದು ಚಿಕ್ಕ ಕೋಣೆ ಅಥವಾ ಅಡ್ಡಗೇಟು ಹಾಕಿದ ಜಾಗ. ನೆಲ ಮೂಸುತ್ತಾ ಸುತ್ತುವುದು, ಆಟ ಬಿಟ್ಟು ದಿಢೀರ್ ಪಕ್ಕದ ರೂಮಿಗೆ ಹೊರಡುವುದು, ಬಾಗಿಲ ಕಡೆ ನೋಡುವುದು ಕಂಡರೆ ಎದ್ದು ಕರೆದುಕೊಂಡು ಹೋಗಿ. ಕಾಲೊರಸು, ಸ್ನಾನದ ಮ್ಯಾಟ್, ರಗ್ ಸದ್ಯಕ್ಕೆ ಎತ್ತಿಡಿ. ನಾಯಿಯ ಪಾದಕ್ಕೆ ಅವು ಹುಲ್ಲಿನ ಹಾಗೇ ಮೆತ್ತಗಿರುತ್ತವೆ.

ಮಾಡುತ್ತಿರುವಾಗಲೇ ಕಂಡರೆ "ಬಾ ಬಾ, ಹೊರಗೆ ಹೋಗೋಣ" ಅಂತ ಹಗುರವಾಗಿ ಕರೆದು ಹೊರಗೆ ಓಡಿ. ಉಳಿದದ್ದನ್ನು ಅಲ್ಲಿ ಮುಗಿಸಿದರೆ ಬಹುಮಾನ. ಆಮೇಲೆ ಕಂಡರೆ ಒರೆಸಿ ಸುಮ್ಮನಿರಿ. ಮೂಗು ತಿಕ್ಕುವುದು, ಪೇಪರ್ ಸುರುಳಿಯಿಂದ ಹೊಡೆಯುವುದು ಬೇಡ. ಅದರಿಂದ ನಾಯಿ ಕಲಿಯುವುದು ಒಂದೇ, ನಿಮ್ಮೆದುರು ಉಚ್ಚೆ ಮಾಡುವುದು ಅಪಾಯ. ಆಮೇಲೆ ಹೊರಗೆ ಕರೆದುಕೊಂಡು ಹೋದಾಗಲೂ ನಿಮ್ಮೆದುರು ಮಾಡುವುದಿಲ್ಲ, ಒಳಗೆ ಬಂದು ಮಂಚದ ಹಿಂದೆ ಮಾಡುತ್ತದೆ. "ತಪ್ಪು ಮಾಡಿದೆ ಅಂತ ಗೊತ್ತು, ಮುಖ ನೋಡಿದರೆ ತಿಳಿಯುತ್ತೆ" ಅನ್ನುತ್ತೀರಿ. ಅದು ನಿಮ್ಮ ಸಿಟ್ಟು ನೋಡಿ ಹೆದರಿದ ಮುಖ.

ಹಂತ 6: ನಿಮ್ಮ ನಾಯಿಯ ಕಾರಣಕ್ಕೆ ತಕ್ಕ ಮದ್ದು

ಮಳೆ: ಮಲೆನಾಡು, ಕರಾವಳಿಯವರಿಂದ ಜೂನ್ ಬಂದರೆ ಇದೇ ದೂರು. ನಾಯಿ ಹೊಸ್ತಿಲವರೆಗೆ ಬಂದು, ಒಂದು ಪಾದ ಇಟ್ಟು, ವಾಪಸ್ ತಿರುಗುತ್ತದೆ. ಅದಕ್ಕೆ ನೆನೆದ ಹುಲ್ಲು ಆಗುವುದಿಲ್ಲ, ಶೀಟಿನ ಮೇಲೆ ಬೀಳುವ ಮಳೆಯ ಸದ್ದಂತೂ ಇನ್ನೂ ಆಗುವುದಿಲ್ಲ. ಎಳೆದುಕೊಂಡು ಹೋದರೆ ಹಠ ಹೆಚ್ಚಾಗುತ್ತದೆ. ಸೂರಿನ ಕೆಳಗೆ ಒಂದು ಜಾಗ ಮಾಡಿಕೊಡಿ: ಕಾರ್ ಶೆಡ್ಡಿನ ಮೂಲೆ, ಕೊಟ್ಟಿಗೆ ಪಕ್ಕ, ಮಣ್ಣು ಅಥವಾ ಜಲ್ಲಿ ಹಾಕಿ. ಮಳೆಗಾಲಕ್ಕೆ ಎರಡು ವಾರ ಮೊದಲೇ ಅಲ್ಲಿ ಅಭ್ಯಾಸ ಮಾಡಿಸಿದರೆ ಅರ್ಧ ಕೆಲಸ ಮುಗಿದ ಹಾಗೆ. ಫ್ಲ್ಯಾಟಿನವರು ಬಾಲ್ಕನಿಯಲ್ಲಿ ನಾಯಿ ತಿರುಗಿ ನಿಲ್ಲುವಷ್ಟು ಅಗಲದ, ಕೆಳಗೆ ನೀರು ಇಳಿಯುವ ಟ್ರೇಯಲ್ಲಿ ಹುಲ್ಲು ಹಾಸಬಹುದು. ಆದರೆ ಇದು ಬರೀ ಮಳೆಗೆ, ಬೇಸಿಗೆಯಲ್ಲಿ ಬೇಡ ಅಂದರೆ ನಾಯಿಗೆ ಅರ್ಥವಾಗುವುದಿಲ್ಲ. ಬಾಲ್ಕನಿ ಕೊಡುವುದಾದರೆ ಕೊಟ್ಟೇಬಿಟ್ಟಿರಿ ಅಂದುಕೊಳ್ಳಿ.

ಪಟಾಕಿ: ಗಣೇಶ ಹಬ್ಬ, ದೀಪಾವಳಿಯ ದಿನಗಳಲ್ಲಿ ಕತ್ತಲಾಗುವ ಮೊದಲೇ ಸಂಜೆಯ ಸುತ್ತು ಮುಗಿಸಿ. ಆಮೇಲೆ ಸದ್ದು ನಿಂತ ಮೇಲೆ, ಎಷ್ಟೇ ಹೊತ್ತಾಗಿರಲಿ, ಲೀಶ್ ಹಾಕಿಯೇ ಹೊರಗೆ ಹೋಗಿ. ಬೆದರಿ ಓಡಿ ಕಳೆದುಹೋಗುವ ನಾಯಿಗಳು ಈ ದಿನಗಳಲ್ಲೇ ಜಾಸ್ತಿ. ವಿಪರೀತ ನಡುಗುವ ನಾಯಿಗೆ ಔಷಧವಿದೆ, ಹಬ್ಬಕ್ಕೆ ಮೊದಲೇ ಡಾಕ್ಟರ್ ಹತ್ತಿರ ಮಾತಾಡಿ.

ಗುರುತು ಹಾಕುವುದು: ಮನೆ ಬದಲಾಯಿಸಿದಾಗ, ಮಗು ಬಂದಾಗ, ಹೊಸ ನಾಯಿ ಬಂದಾಗ, ಕಿಟಕಿಯಿಂದ ಬೀದಿ ನಾಯಿಗಳು ಕಂಡಾಗ ಶುರುವಾಗುತ್ತದೆ. ಅತಿಥಿಗಳ ಬ್ಯಾಗು ಮೇಲಿಡಿ, ಕಿಟಕಿಯ ಕೆಳಭಾಗ ಮುಚ್ಚಿ. ಸಂತಾನಹರಣದಿಂದ ಬಹಳಷ್ಟು ಗಂಡು ನಾಯಿಗಳಲ್ಲಿ ಕಡಿಮೆಯಾಗುತ್ತದೆ, ಎಲ್ಲದರಲ್ಲೂ ಅಲ್ಲ. ಹೊಟ್ಟೆಗೆ ಕಟ್ಟುವ ಪಟ್ಟಿ ಸೋಫಾ ಉಳಿಸುತ್ತದೆ, ಅಭ್ಯಾಸ ಬಿಡಿಸುವುದಿಲ್ಲ.

ಖುಷಿ ಅಥವಾ ಹೆದರಿಕೆ: ಮನೆಗೆ ಬಂದಾಗ ಕೂಗಿ ಮುದ್ದಾಡಬೇಡಿ. ಎರಡು ನಿಮಿಷ ನೋಡದೆ ಒಳಗೆ ನಡೆಯಿರಿ, ಆಮೇಲೆ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಎದೆಯ ಹತ್ತಿರ ಸವರಿ. ತಲೆಯ ಮೇಲೆ ಕೈ ಬೇಡ. ಬಂದವರಿಗೂ ಹೇಳಿ.

ಒಂಟಿತನದ ಗಾಬರಿ ಇವುಗಳಲ್ಲೆಲ್ಲ ಕಷ್ಟದ್ದು. ಕೋಣೆಯಲ್ಲಿ ಕೂಡಿಹಾಕಿದರೆ ಹೆಚ್ಚಾಗುತ್ತದೆ. ಹೀಗಾಗಿ ಐದನೇ ಹಂತದ ಚಿಕ್ಕ ಕೋಣೆ ಇಂಥ ನಾಯಿಗೆ ಬೇಡ. ಹಳೆಯ ಫೋನಿನಲ್ಲಿ ವಿಡಿಯೋ ಮಾಡಿ ನೋಡಿ. ನೀವು ಹೊರಟ ಕೆಲವೇ ನಿಮಿಷಕ್ಕೆ ಓಡಾಟ, ಊಳಿಡುವುದು ಶುರುವಾದರೆ ನಾಯಿಗಳ ವರ್ತನೆ ತಿಳಿದ ಡಾಕ್ಟರ್ ಬೇಕು.

ಹಂತ 7: ನಿಧಾನಕ್ಕೆ ಸಡಿಲ ಬಿಡಿ

ಎರಡು ವಾರ ಒಂದು ಸಲವೂ ತಪ್ಪಾಗದಿದ್ದರೆ ಹೊರಗೆ ಹೋಗುವ ಅಂತರವನ್ನು ಅರ್ಧ ಗಂಟೆ ಹೆಚ್ಚಿಸಿ. ಒಂದು ಕೋಣೆ ತೆರೆಯಿರಿ. ವಾರ ಬಿಟ್ಟು ಇನ್ನೊಂದು. ಹೊಸ ಕೋಣೆಯಲ್ಲಿ ಮೊದಲು ನಾಯಿಯ ಜೊತೆ ಕೂತು ಆಡಿ, ಅಲ್ಲೇ ಊಟ ಹಾಕಿ. ನಾಯಿಗಳು ಸಾಮಾನ್ಯವಾಗಿ ಉಣ್ಣುವ ಮಲಗುವ ಜಾಗ ಗಲೀಜು ಮಾಡುವುದಿಲ್ಲ. ತಪ್ಪಿದರೆ ಒಂದು ಮೆಟ್ಟಿಲು ಹಿಂದೆ ಬನ್ನಿ, ಪೂರ್ತಿ ಮೊದಲಿಗೆ ಹೋಗಬೇಕಿಲ್ಲ. ತಿಂಡಿಯನ್ನು ದಿಢೀರ್ ನಿಲ್ಲಿಸದೆ ಒಂದು ಸಲ ಕೊಟ್ಟು ಒಂದು ಸಲ ಬಿಟ್ಟು ಕಡಿಮೆ ಮಾಡಿ.

ಮುದಿ ನಾಯಿಗಳಿಗೆ ಬೇರೆ ಲೆಕ್ಕ

ಹತ್ತು ವರ್ಷ ದಾಟಿದ ನಾಯಿ ಗೋಡೆ ನೋಡುತ್ತಾ ನಿಲ್ಲುವುದು, ಬಾಗಿಲಿನ ತಪ್ಪು ಬದಿಯಲ್ಲಿ ಕಾಯುವುದು, ರಾತ್ರಿಯೆಲ್ಲ ಓಡಾಡುವುದು ಮಾಡುತ್ತಿದ್ದರೆ ಅದು ಮನುಷ್ಯರ ಮರೆವಿನ ಕಾಯಿಲೆಯಂಥದ್ದೇ. ಹೊರಗೆ ಹೋಗಿ ಬಂದು, ಹೋಗಿದ್ದೇ ಮರೆತು ಒಳಗೆ ಮಾಡಬಹುದು. ಇಂಥ ನಾಯಿಗೆ ಕಲಿಸುವ ಹಟ ಬಿಡಿ, ಅನುಕೂಲ ಮಾಡಿಕೊಡಿ. ರಾತ್ರಿ ಚಿಕ್ಕ ದೀಪ ಉರಿಯಲಿ. ಜಾರುವ ಟೈಲ್ಸ್ ಮೇಲೆ ಬಾಗಿಲವರೆಗೆ ರಬ್ಬರ್ ಮ್ಯಾಟ್ ಹಾಸಿ. ಮಲಗುವ ಜಾಗ ಬಾಗಿಲ ಹತ್ತಿರ ಇರಲಿ, ಹಾಸಿಗೆಗೆ ವಾಟರ್‌ಪ್ರೂಫ್ ಕವರ್ ಹಾಕಿ, ಮೇಲೆ ಹೀರುವ ಪ್ಯಾಡ್ ಅಥವಾ ಹಳೆಯ ಪಂಚೆ. ನಡುರಾತ್ರಿ ಒಮ್ಮೆ ಎದ್ದು ಕರೆದುಕೊಂಡು ಹೋಗಬೇಕಾದೀತು, ಅಲಾರಂ ಇಟ್ಟುಕೊಳ್ಳಿ. ಒದ್ದೆಯಲ್ಲಿ ಮಲಗಿದರೆ ಚರ್ಮ ಸುಡುತ್ತದೆ, ಹೊಟ್ಟೆಯ ಕೆಳಗಿನ ಕೂದಲು ಕತ್ತರಿಸಿ ದಿನಕ್ಕೊಮ್ಮೆ ಉಗುರುಬೆಚ್ಚಗಿನ ನೀರಲ್ಲಿ ಒರೆಸಿ ಒಣಗಿಸಿ. ಆರು ತಿಂಗಳಿಗೊಮ್ಮೆ ರಕ್ತ, ಉಚ್ಚೆ ಪರೀಕ್ಷೆ ಮಾಡಿಸಿ. "ವಯಸ್ಸಾಯ್ತು, ಹಾಗೇ" ಅಂತ ಬಿಟ್ಟ ಎಷ್ಟೋ ನಾಯಿಗಳಲ್ಲಿ ಮಾತ್ರೆಗೆ ವಾಸಿಯಾಗುವ ಸೋಂಕು ಸಿಕ್ಕಿದೆ.